ಪಟ್ಟಿಯಲ್ಲಿಲ್ಲದ ಸೊಪ್ಪು

ಲಲಿತಮ್ಮನಿಗೆ ನಲವತ್ನಾಲ್ಕು ತುಂಬುವ ತನಕ ತನ್ನದು ಅಂತ ಹೇಳಿಕೊಳ್ಳುವ ಕೆಲಸ ಒಂದೂ ಇರಲಿಲ್ಲ. ಮೈಸೂರಿನಲ್ಲಿ ಗೃಹವಿಜ್ಞಾನ ಓದಿ ಮೊದಲ ದರ್ಜೆಯಲ್ಲಿ ಪಾಸಾದವಳು ಅವಳು. ಯಾವ ಸೊಪ್ಪಿನಲ್ಲಿ ಎಷ್ಟು ಕಬ್ಬಿಣದಂಶ, ಯಾವ ಕಾಳಿನಲ್ಲಿ ಎಷ್ಟು ಪ್ರೋಟೀನು ಎಂದು ನಿದ್ದೆಯಿಂದೆಬ್ಬಿಸಿ ಕೇಳಿದರೂ ತಡವರಿಸದೆ ಹೇಳುತ್ತಿದ್ದಳು. ಓದು ಮುಗಿಸಿ ವರ್ಷ ಕಳೆಯುವುದರೊಳಗೆ ಬಾಲಸುಬ್ರಹ್ಮಣ್ಯನ ಜೊತೆ ಮದುವೆಯಾಯಿತು. ಅವನಿಗೆ ಒಮಾನಿನಲ್ಲಿ ನೀರು ಸರಬರಾಜಿನ ಎಂಜಿನಿಯರ್ ಕೆಲಸ. ಗಂಡನ ವೀಸಾದ ಮೇಲೆ ಬಂದವಳು ತಾನೂ ಕೆಲಸಕ್ಕೆ ಸೇರುವ ಹಾಗಿರಲಿಲ್ಲ. ಅಲ್ಲಿಯ ಸೀಬ್ ಎಂಬ ಊರಿನ ಬಾಡಿಗೆ ಫ್ಲಾಟಿನಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದಳು, ಮಗಳು ಹಿತಾಳನ್ನು ಬೆಳೆಸಿದಳು, ಬೇಸಿಗೆ ರಜೆಗೆ ಮೈಸೂರಿಗೆ ಹೋಗಿ ಬಂದಳು.

ಆ ರಜೆಗಳೇ ಅವಳಿಗೆ ಕಷ್ಟ. ಅವಳ ತಂಗಿ ಅದೇ ಕಾಲೇಜಿನಲ್ಲಿ ಎರಡನೆಯ ದರ್ಜೆಯಲ್ಲಿ ಪಾಸಾಗಿ ಅಲ್ಲಿಯೇ ಲೆಕ್ಚರರ್ ಆಗಿದ್ದಳು. ಇಬ್ಬರೂ ತರಕಾರಿಗೆ ಹೊರಟರೆ ದಾರಿಯಲ್ಲಿ ಹುಡುಗಿಯರು ನಿಂತು ತಂಗಿಗೆ ನಮಸ್ಕಾರ ಹೇಳುತ್ತಿದ್ದರು. ಆಗೆಲ್ಲ ಲಲಿತಮ್ಮನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಕಿವುಚಿದ ಹಾಗಾಗುತ್ತಿತ್ತು. ಇದು ಹೊಟ್ಟೆಕಿಚ್ಚು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ ಅದು ಕಡಿಮೆಯಾಗಲಿಲ್ಲ. ಒಮಾನಿಗೆ ವಾಪಸು ಬಂದ ಮೇಲೂ ಹದಿನೈದು ದಿನ ಇರುತ್ತಿತ್ತು.

ಗೋನು ಚಂಡಮಾರುತ ಬಂದು ಹೋದ ಮರುವರ್ಷ, ಎರಡು ಸಾವಿರದ ಎಂಟರಲ್ಲಿ, ಅಕ್ಕಿ ಎಣ್ಣೆಗಳ ಬೆಲೆ ಏರಿತು. ಕಟ್ಟಡದ ಕೆಲಸಗಳು ಅಲ್ಲಲ್ಲಿ ನಿಂತವು. ಕೆಲವು ಕಂಪನಿಗಳಲ್ಲಿ ತಿಂಗಳುಗಟ್ಟಲೆ ಸಂಬಳವಾಗಲಿಲ್ಲ. ಹೆಂಡತಿ ಮಕ್ಕಳನ್ನು ಕರೆಸಿಕೊಂಡಿದ್ದವರು ಊರಿಗೆ ಕಳಿಸಲೂ ಆಗದೆ, ಇಲ್ಲಿ ಇಟ್ಟುಕೊಳ್ಳಲೂ ಆಗದೆ ಒದ್ದಾಡತೊಡಗಿದರು. ಒಂದು ದಿನ ಹಿತಾ ಶಾಲೆಯಿಂದ ಬಂದವಳು ಬಸ್ಸಿನಲ್ಲಿ ಜೊತೆಗೆ ಬರುವ ಚಿಕ್ಕ ಹುಡುಗಿಯೊಬ್ಬಳ ಟಿಫಿನ್ ಡಬ್ಬಿಯಲ್ಲಿ ವಾರವಿಡೀ ಒಣ ಕುಬೂಸ್ ರೊಟ್ಟಿ ಮತ್ತು ಸಕ್ಕರೆ ಬಿಟ್ಟರೆ ಏನೂ ಇರಲಿಲ್ಲ ಎಂದು ಹೇಳಿದಳು.

ಸೀಬಿನ ಕನ್ನಡದ ಹೆಂಗಸರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿದ್ದರು. ಅವರ ಪೈಕಿ ಮುಂದಾಳು ಎಂದರೆ ಆಲ್ಬಿನಾ. ಮಂಗಳೂರಿನವಳು, ಆಸ್ಪತ್ರೆಯೊಂದರಲ್ಲಿ ನರ್ಸ್. ಕಷ್ಟದಲ್ಲಿರುವ ಮನೆಗಳಿಗೆ ಅಕ್ಕಿ ಮೂಟೆ ಕೊಡೋಣವೆಂದು ಅವಳು ಹೇಳಿದಾಗ ಲಲಿತಮ್ಮ ಮೊದಲ ಸಲ ಸಭೆಯಲ್ಲಿ ಎದ್ದು ನಿಂತಳು. ಅಕ್ಕಿಯನ್ನು ಅವರು ಹೇಗೋ ಹೊಂದಿಸಿಕೊಳ್ಳುತ್ತಾರೆ, ಮಕ್ಕಳಿಗೆ ಬಸುರಿಯರಿಗೆ ತಪ್ಪುತ್ತಿರುವುದು ಸೊಪ್ಪು, ಹಣ್ಣು, ಮೊಟ್ಟೆ ಎಂದಳು. ದುಡ್ಡು ಕೊಟ್ಟರೆ ಅದು ಬಾಡಿಗೆಗೆ ಹೋಗುತ್ತದೆ. ಆದ್ದರಿಂದ ನಾವು ವಂತಿಗೆ ಹಾಕಿ ಕೂಪನ್ ಕೊಡಬೇಕು. ಅದನ್ನು ಶುಕ್ರವಾರದ ರೈತರ ಸಂತೆಯಲ್ಲಿ ಮಾತ್ರ ಬಳಸುವಂತಿರಬೇಕು.

ಆ ಸಂತೆ ಸೇರುತ್ತಿದ್ದದ್ದು ಸೂಕ್ ಎಂದು ಕರೆಯುವ ಸೀಬಿನ ಪೇಟೆಯ ಹಿಂದಿನ ಬಯಲಿನಲ್ಲಿ. ಸಹಮ್ ಕಡೆಯ ರೈತರು ಬೆಳಗಿನ ಜಾವ ಹೊರಟು ಬಂದು ಪಿಕಪ್ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಹಿಂಬಾಗಿಲು ಇಳಿಸಿ, ಅಲ್ಲೇ ಮಾರುತ್ತಿದ್ದರು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಬಯಲು ಖಾಲಿ. ಲಲಿತಮ್ಮ ಮೂರು ಶುಕ್ರವಾರ ಗಾಡಿಯಿಂದ ಗಾಡಿಗೆ ಅಲೆದಳು. ಕಾಗದದ ಚೂರು ತೆಗೆದುಕೊಂಡು ತರಕಾರಿ ಕೊಡಿ, ಸಂತೆ ಮುಗಿದ ಮೇಲೆ ನಾನೇ ಬಂದು ಹಣ ಕೊಡುತ್ತೇನೆ ಎಂದರೆ ಯಾರು ನಂಬುತ್ತಾರೆ? ಕೊನೆಗೆ ಒಪ್ಪಿದವನು ಅಲಿ. ಅರವತ್ತರ ಮುದುಕ, ಮಾತು ಕಡಿಮೆ, ಹಿಂದಿ ಚೆನ್ನಾಗಿ ಬರುತ್ತಿತ್ತು. ಅವನು ಹಳದಿ ಕೂಪನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನೇರಳೆ ಸೀಲನ್ನು ಹೆಬ್ಬೆರಳಿನಿಂದ ಉಜ್ಜಿ, ಅದು ಅಳಿಸುವುದಿಲ್ಲವೆಂದು ಖಾತ್ರಿಯಾದ ಮೇಲೆ ಮಡಚಿ ತನ್ನ ಕಸೂತಿ ಟೋಪಿಯ ಮಡಿಕೆಗೆ ಸಿಕ್ಕಿಸಿಕೊಂಡ. ಅವನನ್ನು ನೋಡಿ ಉಳಿದವರೂ ಒಪ್ಪಿದರು.

ಹನ್ನೆರಡು ಮನೆಗಳನ್ನು ಆರಿಸಿದರು. ಏನೇನು ಕೊಳ್ಳಬಹುದು ಎಂಬ ಪಟ್ಟಿಯನ್ನು ಲಲಿತಮ್ಮನೇ ಬರೆದಳು. ತನ್ನ ಅಡುಗೆಮನೆಯಲ್ಲಿ ಎಂದೂ ಮೊಟ್ಟೆ ಒಡೆದವಳಲ್ಲ. ಆದರೂ ಮೊಟ್ಟೆಯನ್ನೇ ಮೊದಲು ಬರೆದಳು. ಆಮೇಲೆ ಪಾಲಕ್, ಕ್ಯಾರೆಟ್, ಟೊಮ್ಯಾಟೊ, ಬೀನ್ಸ್, ಬಾಳೆಹಣ್ಣು, ಪಪ್ಪಾಯಿ. ಶುಕ್ರವಾರ ಬೆಳಗ್ಗೆ ಬಯಲಿನ ಅಂಚಿನಲ್ಲಿ ಮಡಚುವ ಮೇಜು ಹಾಕಿ, ದೊಡ್ಡ ಕೊಡೆಯ ಕೆಳಗೆ ಕೂತು ಕೂಪನ್ನುಗಳಿಗೆ ಸೀಲು ಒತ್ತಿ ಕೊಡುತ್ತಿದ್ದಳು. ಜೊತೆಗೆ ಐದು ನಿಮಿಷ ಪಾಠ. ಹೆಂಗಸರು ಚೀಲ ಹಿಡಿದು ಸುತ್ತ ನಿಂತು ಕೇಳುತ್ತಿದ್ದರು. ಹಿತಾ ಕೂಪನ್ ಎಣಿಸಿ ಕೊಡಲು ಜೊತೆಗೆ ಬರುತ್ತಿದ್ದಳು. ಮನೆಗೆ ಹೋಗುವಾಗ ಕಾರಿನಲ್ಲಿ ಲಲಿತಮ್ಮ ತನಗೇ ಗೊತ್ತಿಲ್ಲದೆ ಹಾಡು ಗುನುಗುವುದನ್ನು ಬಾಲಸುಬ್ರಹ್ಮಣ್ಯ ಗಮನಿಸಿದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ಅದನ್ನು ಕೇಳಿರಲಿಲ್ಲ.

ಹನ್ನೆರಡನೆಯ ಮನೆಯ ಕುಸುಮ ಬಂದದ್ದು ನವೆಂಬರಿನಲ್ಲಿ. ಬಂಟ್ವಾಳದ ಕಡೆಯವಳು, ತುಳು ಮನೆಮಾತು, ಮೂವತ್ತರ ಆಸುಪಾಸು. ಗಂಡ ಕೊಗ್ಗ ಕಟ್ಟಡದ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್. ಐದು ತಿಂಗಳಿನಿಂದ ಸಂಬಳವಿಲ್ಲ, ಪಾಸ್‌ಪೋರ್ಟು ಅವನನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಹತ್ತಿರ. ಹಿತಾ ಬಸ್ಸಿನಲ್ಲಿ ನೋಡಿದ ಕುಬೂಸಿನ ಡಬ್ಬಿಯ ಹುಡುಗಿ ಸೌಮ್ಯಶ್ರೀ ಇವಳ ಮಗಳೇ. ಮೊದಲ ದಿನ ಕುಸುಮ ಕೂಪನ್ನನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡು, ಪರಿಚಯದವರು ಯಾರಾದರೂ ನೋಡುತ್ತಾರೇನೋ ಎಂದು ಆ ಕಡೆ ಈ ಕಡೆ ನೋಡುತ್ತಾ ನಡೆದಳು. ಲಲಿತಮ್ಮನಿಗೆ ಅವಳ ಮೇಲೆ ಮರುಕ ಹುಟ್ಟಿತು. ತಾನೇ ಎದ್ದು ಜೊತೆಗೆ ಹೋಗಿ ಪಾಲಕ್ ಹೇಗೆ ಆರಿಸಬೇಕು, ಕ್ಯಾರೆಟ್ ಯಾಕೆ ತಿನ್ನಬೇಕು ಎಂದು ಹೇಳಿಕೊಟ್ಟಳು. ಕುಸುಮ ಎಲ್ಲಕ್ಕೂ ‘ಆಯ್ತು ಅಕ್ಕ’ ಎಂದಳು.

ಮೂರನೆಯ ಶುಕ್ರವಾರ ಅಲಿ ಬಾಳೆಗೊನೆ ತಂದಿದ್ದ. ಗಾಡಿಯ ಮೂಲೆಯಲ್ಲಿ ಬಾಳೆಹೂವುಗಳೂ ಮೊಳಕೈ ಗಾತ್ರದ ಎರಡು ದಿಂಡುಗಳೂ ಬಿದ್ದಿದ್ದವು. ವಾಪಸು ಹೋಗುವ ದಾರಿಯಲ್ಲಿ ತನ್ನ ಅಣ್ಣನ ಮನೆಯ ಆಡುಗಳಿಗೆ ಹಾಕಲು ತಂದದ್ದು. ಕುಸುಮ ಅದನ್ನು ನೋಡಿ ನಿಂತಳು. ಅವಳಿಗೆ ಹಿಂದಿ ಅಷ್ಟಾಗಿ ಬರುತ್ತಿರಲಿಲ್ಲ. ಬೆರಳು ತೋರಿಸಿ, ಕೈಯಲ್ಲಿ ಹೆಚ್ಚುವ ಹಾಗೆ, ಬಾಯಿಗೆ ಹಾಕಿಕೊಳ್ಳುವ ಹಾಗೆ ಅಭಿನಯ ಮಾಡಿದಳು. ಅಲಿ ನಕ್ಕ. ಆಡಿನ ಮೇವನ್ನು ಮನುಷ್ಯರು ತಿನ್ನುತ್ತಾರೆಯೇ ಎಂದು ಕೇಳಿ, ಎಲ್ಲವನ್ನೂ ಅವಳ ಚೀಲಕ್ಕೆ ತುಂಬಿದ. ಅದಕ್ಕೆ ಕೂಪನ್ ಕಾಗದ ಕೇಳಲಿಲ್ಲ.

ಮುಂದಿನ ವಾರ ಅವಳು ಒಂದು ಸಣ್ಣ ಡಬ್ಬಿಯಲ್ಲಿ ಬಾಳೆಹೂವಿನ ಪಲ್ಯ ತಂದು ಅಲಿಗೆ ಕೊಟ್ಟಳು. ಅವನು ಗಾಡಿಯ ಹಿಂಬಾಗಿಲ ಮೇಲೆ ಕೂತು ಕುಬೂಸಿನ ಜೊತೆ ಅಷ್ಟನ್ನೂ ತಿಂದು, ಬೆರಳು ಚೀಪಿ, ಪಕ್ಕದ ಗಾಡಿಯವನನ್ನು ಕರೆದು ಖಾಲಿ ಡಬ್ಬಿ ತೋರಿಸಿದ. ಅಲ್ಲಿಂದ ಆರಂಭವಾಯಿತು. ರೈತರು ಕಿತ್ತು ಬಿಸಾಡುತ್ತಿದ್ದ ಮೂಲಂಗಿ ಸೊಪ್ಪು, ಕುಂಬಳದ ಎಳೆ ಕುಡಿ, ಕುದುರೆಮಸಾಲೆ ಮೇವಿನ ಸಾಲಿನಲ್ಲಿ ಕಳೆಯಾಗಿ ಬೆಳೆಯುತ್ತಿದ್ದ ಗೋಣಿಸೊಪ್ಪು, ಎಲ್ಲವೂ ಕುಸುಮನ ಚೀಲಕ್ಕೆ ಬಂದವು. ಅವಳನ್ನು ನೋಡಿ ಅವಳ ಕಟ್ಟಡದಲ್ಲೇ ಇದ್ದ ಅಮೀನತ್ ತೆಗೆದುಕೊಂಡಳು. ಅಮೀನತ್ ಬ್ಯಾರಿ ಹೆಂಗಸು, ಅವಳ ಮನೆಯೂ ಪಟ್ಟಿಯಲ್ಲಿತ್ತು. ಡಿಸೆಂಬರಿನ ಹೊತ್ತಿಗೆ ಉಳಿದ ಹನ್ನೊಂದು ಹೆಂಗಸರೂ ಕೂಪನ್ ಕೈಗೆ ಬಂದ ಕೂಡಲೆ ಲಲಿತಮ್ಮನ ಮೇಜು ಬಿಟ್ಟು ಕುಸುಮನ ಹಿಂದೆ ಗಾಡಿಯಿಂದ ಗಾಡಿಗೆ ಹೋಗತೊಡಗಿದರು. ಇದು ಹೇಗೆ ಮಾಡುವುದು, ಅದಕ್ಕೆ ಹುಳಿ ಹಾಕಬೇಕೇ ಎಂದು ಅವಳನ್ನು ಕೇಳುತ್ತಿದ್ದರು. ಲಲಿತಮ್ಮನ ಐದು ನಿಮಿಷದ ಪಾಠಕ್ಕೆ ಒಬ್ಬಿಬ್ಬರು ಉಳಿದರೆ ಹೆಚ್ಚು. ಅವರ ಕಣ್ಣೂ ಅತ್ತಲೇ.

ಇದು ಒಳ್ಳೆಯದೇ ಎಂದು ಲಲಿತಮ್ಮ ತನಗೆ ತಾನೇ ಹೇಳಿಕೊಂಡಳು. ಒಂದು ಕೂಪನ್ನಿನಲ್ಲಿ ಎರಡರಷ್ಟು ಸೊಪ್ಪು ಮನೆಗೆ ಹೋಗುತ್ತಿದೆ, ತನ್ನ ಉದ್ದೇಶವೂ ಅದೇ ಅಲ್ಲವೇ. ಆದರೆ ಕೊಡೆಯ ಕೆಳಗೆ ಒಬ್ಬಳೇ ಕೂತು, ಬಯಲಿನ ಆ ತುದಿಯಲ್ಲಿ ಹೆಂಗಸರ ನಗು ಕೇಳಿದಾಗ ಅವಳಿಗೆ ಮೈಸೂರಿನ ಬೀದಿ ನೆನಪಾಗುತ್ತಿತ್ತು.

ಅಷ್ಟಕ್ಕೇ ನಿಂತಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ. ಹಿತಾ ಸೌಮ್ಯಶ್ರೀಗೆ ಲೆಕ್ಕ ಹೇಳಿಕೊಡಲು ಸಂತೆ ಮುಗಿದ ಮೇಲೆ ಕುಸುಮನ ಮನೆಗೆ ಹೋಗತೊಡಗಿದ್ದಳು. ಒಂದು ಶುಕ್ರವಾರ ಊಟದ ಹೊತ್ತಿಗೆ ಹಿಂದಿರುಗಿ ಬಂದು ಹಸಿವಿಲ್ಲ ಎಂದಳು. “ಕುಸುಮಾ ಆಂಟಿ ಮನೇಲಿ ಊಟ ಆಯ್ತಮ್ಮ. ಆ ಗೋಣಿಸೊಪ್ಪು ತಂಬುಳಿ, ಸಚ್ ಅ ಟೇಸ್ಟ್. ನೀನ್ಯಾಕೆ ಅಂಥದ್ದು ಮಾಡಲ್ಲ?”

ಹದಿನೈದು ವರ್ಷ ಸೊಪ್ಪಿನ ತಟ್ಟೆ ಎದುರಿಗಿಟ್ಟುಕೊಂಡು ಈ ಹುಡುಗಿಯ ಬಾಯಿಗೆ ಒಂದು ತುತ್ತು ಹಾಕಲು ಲಲಿತಮ್ಮ ಪಡದ ಪಾಡಿಲ್ಲ. ಆ ಹೊತ್ತು ಅವಳು ತಟ್ಟೆ ಎತ್ತಿಟ್ಟಳು. ಮುಂದಿನ ವಾರ ಯಾರಿಗೂ ಕಾಣದ ಹಾಗೆ ಬೇರೊಂದು ಗಾಡಿಯಿಂದ ಬಾಳೆಹೂವು ತಂದಳು. ಅದನ್ನು ಬಿಡಿಸಿ ಹೆಚ್ಚುವುದರಲ್ಲಿ ಬೆರಳುಗಳೆಲ್ಲ ಕಪ್ಪಾದವು. ಒಳಗಿನ ಪ್ರತಿ ಹೂವಿನ ಗಟ್ಟಿ ನಾರನ್ನು ತೆಗೆಯಬೇಕು, ಹೆಚ್ಚಿದ್ದನ್ನು ಮಜ್ಜಿಗೆ ನೀರಿನಲ್ಲಿ ಹಾಕಿಡಬೇಕು ಎಂಬುದು ಅವಳು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಪಲ್ಯ ಒಗರಾಗಿ ಗಂಟಲು ಹಿಡಿಯಿತು. ಹಿತಾ ಒಂದು ಚಮಚ ತಿಂದು ತಟ್ಟೆ ಸರಿಸಿದಳು. ಬಾಲಸುಬ್ರಹ್ಮಣ್ಯ ನೀರು ಕುಡಿಯುತ್ತಾ ಕುಡಿಯುತ್ತಾ ಪೂರ್ತಿ ತಿಂದ, ಅದು ಇನ್ನೂ ಹೆಚ್ಚು ನೋಯಿಸಿತು. ಕುಸುಮನನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವುದಕ್ಕಿಂತ ಒಗರು ತಿನ್ನುವುದೇ ಮೇಲು ಅನ್ನಿಸಿತು ಅವಳಿಗೆ.

ಜನವರಿಯಲ್ಲಿ ಆಲ್ಬಿನಾ ಸಂತೆಗೆ ಬಂದು ಮಕ್ಕಳ ತೂಕ ನೋಡಿದಳು, ಬೆರಳು ಚುಚ್ಚಿ ರಕ್ತ ಪರೀಕ್ಷೆ ಮಾಡಿದಳು. ಕೂಪನ್ ಶುರುವಾದ ಅಕ್ಟೋಬರಿನಲ್ಲಿ ನೋಡಿದ್ದಕ್ಕಿಂತ ಎಲ್ಲರದೂ ಸುಧಾರಿಸಿತ್ತು. ಅವಳಿಗೆ ಬಹಳ ಸಂತೋಷವಾಯಿತು. ಏನು ತಿನ್ನಿಸಿದಿರಿ ಎಂದು ತಾಯಂದಿರನ್ನು ಕೇಳಿದಾಗ ಎಲ್ಲರೂ ಕುಸುಮನ ಕಡೆ ನೋಡಿದರು. ಲಲಿತಮ್ಮ ಆಗ ಮೇಜಿನ ಹಿಂದೆ ಸೀಲನ್ನು ಒರೆಸುತ್ತಿದ್ದಳು. ಯಾರಾದರೂ ತನ್ನ ಹೆಸರು ಹೇಳುತ್ತಾರೆಂದು ತಲೆ ಎತ್ತದೆ ಕಾದಳು. ಯಾರೂ ಹೇಳಲಿಲ್ಲ. ಆಲ್ಬಿನಾ ಅಲ್ಲೇ ಒಂದು ಮಾತು ಹೇಳಿದಳು: ಸಂಕ್ರಾಂತಿಯ ಕೂಟದಲ್ಲಿ ಎಲ್ಲರ ಮುಂದೆ ಕುಸುಮ ಹತ್ತು ನಿಮಿಷ ಮಾತಾಡಲಿ.

ಆ ಕೂಟದಲ್ಲಿ ಮಾತಾಡಲೆಂದು ಲಲಿತಮ್ಮ ಎರಡು ತಿಂಗಳಿನಿಂದ ತಯಾರಿ ಮಾಡಿದ್ದಳು. ಚಾರ್ಟ್ ಕಾಗದದಲ್ಲಿ ಬಣ್ಣಬಣ್ಣದ ಚಿತ್ರ ಬರೆದಿದ್ದಳು. ಅದನ್ನು ಸುರುಳಿ ಸುತ್ತಿ ಬೀರುವಿನ ಮೇಲೆ ಇಟ್ಟಳು. ಸಂಕ್ರಾಂತಿಯ ದಿನ ಕುಸುಮ ಮಾಸಿದ ನೀಲಿ ಸೀರೆ ಉಟ್ಟು ನಿಂತು ತಡವರಿಸುತ್ತ ಮಾತಾಡಿದಳು. ಊರಿನಲ್ಲಿ ತನ್ನ ಅಜ್ಜಿ ಎಲೆ, ಕುಡಿ, ತೊಟ್ಟು ಯಾವುದನ್ನೂ ಬಿಡದೆ ಅಡುಗೆ ಮಾಡುತ್ತಿದ್ದಳೆಂದೂ, ಇಲ್ಲಿಯ ಮಣ್ಣಿನಲ್ಲೂ ಅವೇ ಗಿಡಗಳು ಇರುವುದು ನೋಡಿ ತನಗೆ ಧೈರ್ಯ ಬಂತೆಂದೂ ಹೇಳಿದಳು. ಎಂಜಿನಿಯರುಗಳ ಹೆಂಡತಿಯರು ಪರ್ಸಿನಿಂದ ಪೆನ್ನು ತೆಗೆದು ಬರೆದುಕೊಂಡರು. ಲಲಿತಮ್ಮ ಎಳ್ಳುಬೆಲ್ಲದ ತಟ್ಟೆ ಹಿಡಿದು ಎಲ್ಲರ ಹತ್ತಿರ ಹೋಗಿ ಬಂದಳು. ಮುಖದ ಮೇಲೆ ನಗು ಇತ್ತು. ದವಡೆ ನೋಯುವಷ್ಟು ನಗು.

ಅದಾದ ಮೇಲೆ ಅವಳು ಕುಸುಮನಲ್ಲಿ ತಪ್ಪು ಹುಡುಕತೊಡಗಿದಳು. ಹುಡುಕಿದರೆ ಯಾರಲ್ಲಿ ಸಿಗುವುದಿಲ್ಲ? ಒಂದು ದಿನ ಸಾಲಿನಲ್ಲಿ ನಿಂತಿದ್ದ ಅಮೀನತ್, ಕುಸುಮನನ್ನು ಹೊಗಳುತ್ತಲೇ ಒಂದು ಸಂಗತಿ ಹೇಳಿದಳು. ಕುಸುಮ ದಿಂಡಿನ ಸಾರು ಮಾಡಿದ ದಿನ ತನ್ನ ಮನೆಗೂ ಒಂದು ಪಾತ್ರೆ ಕೊಡುತ್ತಾಳಂತೆ. ತಾನೂ ಗಂಡ ಮೀನು ತಂದ ದಿನ ನಾಲ್ಕು ಬಂಗುಡೆ ಅವಳಿಗೆ ಕೊಡುತ್ತಾಳಂತೆ. ಹೀಗೆ ಇಬ್ಬರ ಮನೆಯೂ ನಡೆಯುತ್ತಿದೆ ಎಂದು ಹೇಳಿ ಅವಳು ನಕ್ಕಳು. ಲಲಿತಮ್ಮನೂ ನಕ್ಕಳು. ಆದರೆ ಆ ಮಾತು ಅವಳ ತಲೆಯಲ್ಲಿ ಬೇರೆ ರೀತಿ ಕೂತಿತು. ಕೂಪನ್ನಿನಿಂದ ಕೊಂಡದ್ದನ್ನು ಮಾರಬಾರದು ಎಂದು ಅವಳೇ ಬರೆದ ನಿಯಮವೊಂದಿತ್ತು.

ಫೆಬ್ರುವರಿಯ ಸಭೆಯಲ್ಲಿ ಅವಳು ಆ ವಿಷಯ ತೆಗೆದಳು. ಕುಸುಮನ ಮನೆಯಲ್ಲಿ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ನಡೆಯುತ್ತಿದೆ, ಹೀಗೆ ಬಿಟ್ಟರೆ ನಾಳೆ ಎಲ್ಲರೂ ಹಾಗೇ ಮಾಡುತ್ತಾರೆ ಎಂದಳು.

“ಮಾರ್ತಾಳಾ ಅವಳು?” ಎಂದು ಆಲ್ಬಿನಾ ಕೇಳಿದಳು.

“ಸುಮ್ಮನೆ ಯಾರು ಕೊಡ್ತಾರೆ ಹೇಳಿ,” ಎಂದಳು ಲಲಿತಮ್ಮ.

ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಇಷ್ಟು ದಿನ ಈ ಕೆಲಸಕ್ಕಾಗಿ ಬೆವರು ಸುರಿಸಿದವಳ ಮಾತನ್ನು ಯಾರೂ ಅನುಮಾನಿಸಲಿಲ್ಲ. ಕುಸುಮನ ಹೆಸರು ಪಟ್ಟಿಯಿಂದ ಹೋಯಿತು. ಅವಳಿಗೆ ಹೇಳುವ ಜವಾಬ್ದಾರಿಯನ್ನು ಲಲಿತಮ್ಮನೇ ವಹಿಸಿಕೊಂಡಳು.

ಶುಕ್ರವಾರ ಕುಸುಮ ಎಂದಿನಂತೆ ಚೀಲ ಹಿಡಿದು ಬಂದಳು. ಲಲಿತಮ್ಮ ಅವಳನ್ನು ಪಕ್ಕಕ್ಕೆ ಕರೆದು ನಿಯಮದ ಮಾತು ಹೇಳಿದಳು. ಕೂಪನ್ನಿನ ಸಾಮಾನು ಆಚೆ ಹೋಗುತ್ತಿರುವುದರಿಂದ ಇನ್ನು ಮುಂದೆ ಕೊಡಲಾಗುವುದಿಲ್ಲ ಎಂದಳು.

“ಅಮೀನತ್‌ಗೆ ಒಂದು ಪಾತ್ರೆ ಸಾರು ಕೊಟ್ಟದ್ದು ಹೌದು ಅಕ್ಕ. ಅದು ಮಾರಿದ್ದು ಅಂತ ಆಗ್ತದಾ?”

“ಸರಿ ತಪ್ಪು ನಾನು ಹೇಳೋದಲ್ಲಮ್ಮ. ಸಭೇಲಿ ತೀರ್ಮಾನ ಆಗಿದೆ.”

ಕುಸುಮ ಪರ್ಸಿನಲ್ಲಿ ಉಳಿದಿದ್ದ ಎರಡು ಹಳದಿ ಕೂಪನ್ ತೆಗೆದು, ಅವುಗಳ ಮಡಿಕೆ ಬಿಡಿಸಿ ಮೇಜಿನ ಮೇಲೆ ನೆಟ್ಟಗೆ ಇಟ್ಟು, ಗಾಡಿಗಳ ಕಡೆಗೆ ಹೋಗದೆ ರಸ್ತೆಯ ಕಡೆ ನಡೆದಳು.

ಆ ದಿನ ಲಲಿತಮ್ಮನಿಗೆ ಎದೆ ಹಗುರಾಯಿತು ಎಂದರೆ ಸುಳ್ಳಲ್ಲ. ಹೆಂಗಸರು ಮೇಜಿನ ಸುತ್ತ ನಿಂತು ಪಾಠ ಕೇಳಿದರು. ಯಾರೂ ನಡುವೆ ಮಾತಾಡಲಿಲ್ಲ, ಯಾರೂ ಪ್ರಶ್ನೆ ಕೇಳಲಿಲ್ಲ. ಪಟ್ಟಿಯಲ್ಲಿದ್ದುದನ್ನು ಕೊಂಡು ಹೊರಟರು. ಗಾಡಿಗಳ ಪಕ್ಕ ಮೂಲಂಗಿ ಸೊಪ್ಪಿನ ರಾಶಿ ಹಾಗೇ ಬಿದ್ದಿತ್ತು.

ಮರುವಾರ ಅವಳು ಒಂದು ಸಂಗತಿ ಗಮನಿಸಿದಳು. ಅಲಿಯ ಗಾಡಿಯ ಪಕ್ಕದ ಕನ್ನಡಿಗೆ ಕೆಂಪು ಬಟ್ಟೆಯ ಚೀಲವೊಂದು ನೇತಾಡುತ್ತಿತ್ತು. ಅಮೀನತ್ ಎರಡು ಕಟ್ಟು ಪಾಲಕ್ ಕೊಂಡು ಒಂದನ್ನು ತನ್ನ ಚೀಲಕ್ಕೆ, ಒಂದನ್ನು ಆ ಕೆಂಪು ಚೀಲಕ್ಕೆ ಹಾಕಿದಳು. ಹಿಂದಿನಿಂದ ಬಂದವಳು ನಾಲ್ಕು ಟೊಮ್ಯಾಟೊ ಹಾಕಿದಳು. ಮತ್ತೊಬ್ಬಳು ಎರಡು ಮೊಟ್ಟೆಯನ್ನು ಕಾಗದದಲ್ಲಿ ಸುತ್ತಿ ಮೇಲೆ ಇಟ್ಟಳು. ಹನ್ನೊಂದು ಹೆಂಗಸರೂ ಹಾಗೇ ಮಾಡಿದರು. ಯಾರೂ ಲಲಿತಮ್ಮನ ಕಡೆ ತಿರುಗಿ ನೋಡಲಿಲ್ಲ. ಕೊನೆಗೆ ಅಲಿ ಒಂದು ಬಾಳೆಹೂವನ್ನು ಅದರೊಳಗೆ ತುರುಕಿದ. ಅಮೀನತ್ ಚೀಲ ಬಿಚ್ಚಿಕೊಂಡು ಹೊರಟಳು.

ಲಲಿತಮ್ಮ ಅಲಿಯ ಹತ್ತಿರ ಹೋಗಿ, ಇದು ನಿಯಮಕ್ಕೆ ವಿರುದ್ಧವೆಂದು ಹಿಂದಿಯಲ್ಲಿ ಹೇಳಿದಳು.

“ಕಾಗದ ನಿಮ್ಮದು ಮೇಡಂ, ಕನ್ನಡಿ ನನ್ನದು,” ಎಂದ ಅಲಿ. ಆಮೇಲೆ ಸ್ವಲ್ಪ ಮೆತ್ತಗೆ, “ಖಲಾಸ್, ಬಿಡಿ,” ಎಂದ.

ಅವಳು ಬಿಡಬಹುದಿತ್ತು, ಬಿಡದೆ ಹನ್ನೊಂದೂ ಹೆಸರು ಹೊಡೆದು ಹಾಕಬಹುದಿತ್ತು. ಎರಡೂ ಮಾಡದೆ ಮೇಜಿಗೆ ಮರಳಿ ಕೂತಳು. ನಾಚಿಕೆ ಆಗಬೇಕಿತ್ತು, ಆದರೆ ಮೊದಲು ಬಂದದ್ದು ನಾಚಿಕೆಯಲ್ಲ. ಆವರೆಗೆ ಪಟ್ಟ ಹೊಟ್ಟೆಕಿಚ್ಚೆಲ್ಲ ಏನೂ ಅಲ್ಲ ಅನ್ನುವಂಥ ಕಿಚ್ಚು ಅವಳನ್ನು ಸುಟ್ಟಿತು. ತಿನ್ನಲು ಸಾಲದವರು ತಮ್ಮ ಪಾಲಿನಿಂದ ಕಿತ್ತು ಕುಸುಮನಿಗೆ ಕೊಡುತ್ತಿದ್ದಾರೆ. ನಾಳೆ ತನ್ನ ಗಂಡನ ಕೆಲಸ ಹೋದರೆ ತನಗಾಗಿ ಯಾರು ಚೀಲ ತೂಗುಹಾಕುತ್ತಾರೆ? ಇಪ್ಪತ್ತು ವರ್ಷದ ಪರಿಚಯಗಳನ್ನೆಲ್ಲ ಒಂದೊಂದಾಗಿ ನೆನೆದು ನೋಡಿದಳು. ಇಂಥವರು ಎಂದು ಬೆರಳು ಮಡಚಲು ಆಗಲಿಲ್ಲ. ನಾಚಿಕೆ ಬಂದದ್ದು ಆಮೇಲೆ. ಬಂದದ್ದು ಹೋಗಲಿಲ್ಲ.

ಆ ವಾರವಿಡೀ ಹಿತಾ ತಾಯಿಯ ಜೊತೆ ಮಾತಾಡಲಿಲ್ಲ. ಅಮೀನತ್‌ಳಿಂದ ಅವಳಿಗೆ ವಿಷಯ ತಿಳಿದಿತ್ತು. ಗುರುವಾರ ಬೆಳಗ್ಗೆ ತಿಂಡಿಯ ಮುಂದೆ ಕೂತು, ನಾಳೆ ಸಂತೆಗೆ ಬರುವುದಿಲ್ಲ ಎಂದಳು. ಯಾಕೆ ಎಂದು ಬಾಲಸುಬ್ರಹ್ಮಣ್ಯ ಕೇಳಿದ. ಹಿತಾ ತಾಯಿಯ ಕಡೆ ನೋಡಿ, “ಕುಸುಮಾ ಆಂಟಿ ಏನೂ ಸೇಲ್ ಮಾಡಿಲ್ಲ. ಅಮ್ಮಂಗೆ ಗೊತ್ತು,” ಎಂದಳು. ಬಾಲಸುಬ್ರಹ್ಮಣ್ಯ ಎದ್ದು ಕಾರಿನ ಕೀಲಿಯನ್ನು ತೆಗೆದು ಹೆಂಡತಿಯ ಎದುರಿಗೆ ಇಟ್ಟ.

ಅದೇ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಲಲಿತಮ್ಮ ಕುಸುಮನ ಮನೆಯ ಬಾಗಿಲು ತಟ್ಟಿದಳು. ಎರಡು ಕುಟುಂಬ ಹಂಚಿಕೊಂಡಿದ್ದ ಫ್ಲಾಟಿನ ಒಂದು ಕೋಣೆ. ಗೋಡೆಗೆ ಒರಗಿಸಿದ ಹಾಸಿಗೆ, ಕಿಟಕಿಯ ಮೇಲೆ ಸೌಮ್ಯಶ್ರೀಯ ಪುಸ್ತಕಗಳು. ಕೊಗ್ಗ ಕೆಲಸ ಹುಡುಕಲು ಹೋಗಿದ್ದ. ಕುಸುಮ ಬನ್ನಿ ಎಂದಳು, ಕೂರಲು ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಲಲಿತಮ್ಮ ನೀರಿನ ಲೋಟವನ್ನು ಕೈಯಲ್ಲೇ ಹಿಡಿದು, ತಾನು ಸಭೆಯಲ್ಲಿ ಹೇಳಿದ್ದು ಸರಿಯಲ್ಲ, ಗೊತ್ತಿದ್ದೇ ಹಾಗೆ ಹೇಳಿದೆ, ತನಗೆ ಬೇಸರವಾಗಿತ್ತು ಎಂದಳು.

“ಬೇಸರ ಎಂತಕ್ಕೆ ಅಂತ ನನಗೆ ಗೊತ್ತುಂಟು,” ಎಂದಳು ಕುಸುಮ. ಅವಳ ದನಿ ಏರಲಿಲ್ಲ. “ನಾನು ಬಡವಳು ಅಂತ ನಿಮಗೆ ಬೇಸರ ಇರ್ಲಿಲ್ಲ ಅಕ್ಕ. ಮೊದಲ ದಿನ ಎಷ್ಟು ಪ್ರೀತಿಯಲ್ಲಿ ಪಾಲಕ್ ಆರಿಸಿ ಕೊಟ್ರಿ. ನನಗೂ ಒಂದು ಗೊತ್ತುಂಟು ಅಂತ ಆದಮೇಲೆ ನಿಮಗೆ ಆಗ್ಲಿಲ್ಲ.”

ಲಲಿತಮ್ಮ ಲೋಟವನ್ನು ನೆಲದ ಮೇಲೆ ಇಟ್ಟಳು.

“ಈಗ ನನ್ನ ಹತ್ರ ಹೇಳಿ ಎಂತ ಪ್ರಯೋಜನ? ಕದ್ದವಳ ಹಾಗೆ ಹೋದದ್ದು ನಾನು, ಅವರೆಲ್ಲರ ಎದುರು. ಅಲ್ಲಿ ಹೇಳಿ.”

ಅಲ್ಲಿ ಹೇಳುವುದು ಎಂದರೆ ಏನೆಂದು ಲಲಿತಮ್ಮನಿಗೆ ಮರುದಿನ ಬೆಳಗ್ಗೆ ಗೊತ್ತಾಯಿತು. ಆಲ್ಬಿನಾಳಿಗೆ ಫೋನ್ ಮಾಡಿ ಸಂತೆಗೆ ಬರಹೇಳಿದಳು. ಹೆಂಗಸರೆಲ್ಲ ಬರುವ ತನಕ ಸೀಲಿನ ಡಬ್ಬಿ ತೆರೆಯಲಿಲ್ಲ. ಕುಸುಮ ಬಂದು ದೂರದಲ್ಲಿ ಅಲಿಯ ಗಾಡಿಯ ಪಕ್ಕ ನಿಂತಳು. ಲಲಿತಮ್ಮ ಮೇಜನ್ನು ಹಿಡಿದುಕೊಂಡು ಎದ್ದು ನಿಂತಳು.

“ಕುಸುಮ ಏನನ್ನೂ ಮಾರಿರಲಿಲ್ಲ. ನನಗದು ಗೊತ್ತಿತ್ತು. ಗೊತ್ತಿದ್ದೂ ಸಭೇಲಿ ಬೇರೆ ಥರ ಹೇಳಿದೆ.”

“ಯಾಕೆ ಲಲಿತಾ?” ಎಂದು ಆಲ್ಬಿನಾ ಕೇಳಿದಳು. ನಿಜಕ್ಕೂ ಅವಳಿಗೆ ಅರ್ಥವಾಗಿರಲಿಲ್ಲ.

“ಹೊಟ್ಟೆಕಿಚ್ಚಿಗೆ,” ಎಂದಳು ಲಲಿತಮ್ಮ.

ಯಾರೂ ಸಮಾಧಾನ ಹೇಳಲಿಲ್ಲ, ಯಾರೂ ಬೈಯಲೂ ಇಲ್ಲ. ಆಲ್ಬಿನಾ ಯೋಚಿಸಿ, ಇನ್ನು ಹೆಸರುಗಳ ಪಟ್ಟಿ ನನ್ನ ಬಳಿ ಇರಲಿ, ಸೀಲು ನೀನೇ ಒತ್ತು ಎಂದಳು. ಲಲಿತಮ್ಮ ಫೈಲನ್ನು ಅವಳ ಕೈಗೆ ಕೊಟ್ಟಳು. ಆಮೇಲೆ ಕುಸುಮ ಸಾಲಿನಲ್ಲಿ ಬಂದು, ತನ್ನ ಸರದಿ ಬಂದಾಗ ಕೂಪನ್ ತೆಗೆದುಕೊಂಡಳು. ಈ ಸಲ ಅಂಗೈಯಲ್ಲಿ ಮುಚ್ಚಿಕೊಳ್ಳಲಿಲ್ಲ.

ಇಬ್ಬರೂ ಗೆಳತಿಯರಾದರು ಎಂದು ಹೇಳುವಂತಿಲ್ಲ. ಕುಸುಮ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು. ಏನು ಬೇಕಾದರೂ ಲಲಿತಮ್ಮನನ್ನು ಬಿಟ್ಟು ಆಲ್ಬಿನಾಳನ್ನು ಕೇಳುತ್ತಿದ್ದಳು. ಮೂಲಂಗಿ ಸೊಪ್ಪು, ಗೋಣಿಸೊಪ್ಪು, ಬಾಳೆಹೂವನ್ನು ಪಟ್ಟಿಗೆ ಸೇರಿಸಿದರು. ಅಲಿ ಈಗ ಅವುಗಳಿಗೂ ಕಾಗದ ಕೇಳತೊಡಗಿದ. ಅಮೀನತ್ ಅವನೊಂದಿಗೆ ಜಗಳವಾಡಿ ಬಾಳೆದಿಂಡನ್ನು ಮಾತ್ರ ಬಿಟ್ಟಿಯಾಗಿ ಉಳಿಸಿಕೊಂಡಳು. ಹಿತಾ ಎರಡು ವಾರ ಬಿಟ್ಟು ಸಂತೆಗೆ ಬಂದಳು.

ಮೇ ತಿಂಗಳಲ್ಲಿ ಕೊಗ್ಗನ ಪಾಸ್‌ಪೋರ್ಟು ಕೈಗೆ ಬಂತು. ಒಮಾನಿನ ದಕ್ಷಿಣ ತುದಿಯ ಸಲಾಲಾದ ಗೋದಾಮೊಂದರಲ್ಲಿ ಅವನಿಗೆ ಕೆಲಸ ಸಿಕ್ಕಿತು. ಅವರು ಹೊರಡುವ ದಿನ ಹೆಂಗಸರೆಲ್ಲ ಬಸ್ಸಿನ ತನಕ ಹೋದರು. ಲಲಿತಮ್ಮ ಹೋಗಲಿಲ್ಲ. ಹೋದರೆ ಅವರ ಕಣ್ಣೀರು ನೋಡಬೇಕಾಗುತ್ತದೆ, ಅದನ್ನು ನೋಡಿದರೆ ತನಗೆ ಮತ್ತೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಹಿತಾಳ ಕೈಯಲ್ಲಿ ಸೌಮ್ಯಶ್ರೀಗೆ ಒಂದು ಹೊಸ ಟಿಫಿನ್ ಡಬ್ಬಿ ಕಳಿಸಿದಳು.

ಬೇಸಿಗೆಯಲ್ಲಿ ನಿಂತಿದ್ದ ಸಂತೆ ಮುಂದಿನ ಚಳಿಗಾಲ ಮತ್ತೆ ಸೇರಿತು. ಲಲಿತಮ್ಮ ಕೊಡೆಯ ಕೆಳಗೆ ಕೂತು ಸೀಲು ಒತ್ತುತ್ತಿದ್ದಳು. ಪಾಠ ಹೇಳುವುದನ್ನು ಬಿಟ್ಟಿದ್ದಳು. ಹೊಸದಾಗಿ ಬಂದವರನ್ನು ಅವರ ಊರಲ್ಲಿ ಯಾವ ಸೊಪ್ಪು ತಿನ್ನುತ್ತಾರೆಂದು ಕೇಳಿ ಬರೆದುಕೊಳ್ಳುತ್ತಿದ್ದಳು. ಒಂದು ಶುಕ್ರವಾರ ಸಾಲಿನಲ್ಲಿ ನಿಂತಿದ್ದ ಅಮೀನತ್‌ಗೆ ಫೋನು ಬಂತು. ಸಲಾಲಾದಿಂದ ಕುಸುಮ. ಅಲ್ಲಿ ತೆಂಗಿನಕಾಯಿ ಬೇಕಾದಷ್ಟಂತೆ, ಮಳೆ ಬರುವಾಗ ಊರಿನ ಹಾಗೇ ಇತ್ತಂತೆ ಎಂದು ಅಮೀನತ್ ಪಕ್ಕದವರಿಗೆ ಹೇಳಿ ಹೇಳಿ ನಕ್ಕಳು. ಫೋನು ಕೈಯಿಂದ ಕೈಗೆ ಹೋಯಿತು. ಮೇಜಿನ ತನಕ ಬರಲಿಲ್ಲ. ಲಲಿತಮ್ಮನ ಹೊಟ್ಟೆಯೊಳಗೆ ಆ ಹಳೆಯ ಉರಿ ಎದ್ದಿತು. ಅವಳಿಗೆ ಅದು ಹೊಸತಲ್ಲ, ಎದ್ದದ್ದನ್ನು ಎದ್ದಿತು ಎಂದು ಒಪ್ಪಿಕೊಳ್ಳುವುದನ್ನು ಮಾತ್ರ ಅವಳು ಕಲಿತಿದ್ದಳು.

ಅಮೀನತ್‌ಳ ಸರದಿ ಬಂದಾಗ ಲಲಿತಮ್ಮ ಕೇಳಿದಳು, “ನನ್ನ ವಿಷಯ ಏನಾದರೂ ಕೇಳಿದಳಾ?”

ಅಮೀನತ್‌ಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ಇಲ್ಲ ಅಕ್ಕ. ಹಿತಾನ ಕೇಳಿದ್ಳು, ಚಂದ ಓದ್ತಾಳಾ ಅಂತ.”

“ಓದ್ತಾಳೆ ಅಂತ ಹೇಳು,” ಎಂದು ಲಲಿತಮ್ಮ ಅವಳ ಕೂಪನ್ನಿಗೆ ಸೀಲು ಒತ್ತಿ ಕೊಟ್ಟು, ಹಿಂದೆ ನಿಂತಿದ್ದ ಹೊಸ ಹೆಂಗಸನ್ನು ಮುಂದೆ ಬರಹೇಳಿದಳು.